ಮೂರು ಸಲ ತೊಳೆದ ತಟ್ಟೆ

ಟಿಕ್ಕಮ್ಮನಿಗೆ ಡಿಗ್ರಿ ಇರಲಿಲ್ಲ. ಹನ್ನೆರಡನೇ ತರಗತಿ ಪಾಸಾಗಿ, ಮುಂದೆ ಓದಿಸುವವರಿಲ್ಲದೆ, ಹನ್ನೊಂದು ವರ್ಷದ ಹಿಂದೆ ಆ ಸಂಶೋಧನಾಲಯಕ್ಕೆ ಗಾಜಿನ ಸಾಮಾನು ತೊಳೆಯಲು ಸೇರಿದವಳು. ಕೈ ಚೊಕ್ಕ ಎಂದು ಯಾರೋ ಕೋಶ ಬೆಳೆಸಿದ ತಟ್ಟೆಗಳನ್ನೂ ತೊಳೆಯಲು ಕೊಟ್ಟರು. ತಾನು ತೊಳೆಯುತ್ತಿರುವುದು ಏನನ್ನು ಎಂದು ನೋಡಲು ಒಂದು ದಿನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಆಮೇಲೆ ಅವಳನ್ನು ಆ ಕುರ್ಚಿಯಿಂದ ಎಬ್ಬಿಸಲು ಯಾರಿಂದಲೂ ಆಗಲಿಲ್ಲ.

ಕೋಶ ಎಣಿಸಲು ಅವಳಿಗೆ ಕೊಟ್ಟದ್ದು ಎಡಗೈ ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕ ಉಕ್ಕಿನ ಕೌಂಟರು. ಹೆಬ್ಬೆರಳಲ್ಲಿ ಒತ್ತಿದರೆ ಟಿಕ್ ಎಂದು ಒಂದಂಕಿ ಮುಂದೆ ಹೋಗುತ್ತದೆ. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ ಆ ಕೋಣೆಯಲ್ಲಿ ಅದೇ ಸದ್ದು. ಹೆಸರು ಹಾಗೆ ಬಿತ್ತು. ಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರಿಗೆ, ಕೊನೆಗೆ ಹಾಜರಿ ಪುಸ್ತಕ ಒಂದನ್ನು ಬಿಟ್ಟು ಎಲ್ಲ ಕಡೆ.

ಅಲ್ಲಿ ನಡೆಯುತ್ತಿದ್ದುದು ಒಂದು ಜೀನಿನ ಕೆಲಸ. ಮನುಷ್ಯನ ಮೈಯಲ್ಲಿರುವ ಇಪ್ಪತ್ತು ಸಾವಿರ ಜೀನುಗಳಲ್ಲಿ ಅದೂ ಒಂದು. ಕಾಗದದ ಮೇಲೆ ಅದರ ಹೆಸರು ಮೂರು ಅಕ್ಷರ, ಒಂದು ಅಂಕಿ. ಲ್ಯಾಬಿನವರ ಬಾಯಲ್ಲಿ ‘ಗಂಟು’. ಕೋಶವೊಂದು ಎರಡಾಗುವ ಮೊದಲು ತನ್ನ ವರ್ಣತಂತುಗಳನ್ನೆಲ್ಲ ಜೋಡಿ ಜೋಡಿಯಾಗಿ ನಡುವೆ ಸಾಲುಗಟ್ಟಿಸುತ್ತದೆ. ಎರಡೂ ತುದಿಯಿಂದ ಹಗ್ಗದಂಥ ಎಳೆಗಳು ಬಂದು ಒಂದೊಂದು ಜೋಡಿಯನ್ನೂ ಹಿಡಿದು, ಆ ಕಡೆಗೊಂದು ಈ ಕಡೆಗೊಂದು ಎಳೆದುಕೊಳ್ಳುತ್ತವೆ. ಆ ಹಗ್ಗವನ್ನು ವರ್ಣತಂತುವಿಗೆ ಬಿಗಿಯುವ ಪ್ರೋಟೀನುಗಳಲ್ಲಿ ಒಂದನ್ನು ತಯಾರಿಸುವ ಜೀನು ಇದು. ಇದಿಲ್ಲದಿದ್ದರೆ ಕೋಶ ಏನು ಮಾಡುತ್ತದೆ ಎಂಬುದೇ ಪ್ರಶ್ನೆ.

ಪ್ರಶ್ನೆ ಮೇಷ್ಟ್ರದು. ಲ್ಯಾಬಿನ ಮುಖ್ಯಸ್ಥರಾದ ಪ್ರೊಫೆಸರನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆ. ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಗೆ, ಪದವಿಗಿಂತ ಮೊದಲೇ ಗತ್ತು ಬಂದುಬಿಟ್ಟಿದ್ದರಿಂದ, ಮರಿಡಾಕ್ಟ್ರು ಎಂದು ಹೆಸರು. ಮರಿಡಾಕ್ಟ್ರು ಕೆಲವು ತಟ್ಟೆಗಳಲ್ಲಿ ಗಂಟಿನ ಜೀನು ಕೆಲಸ ಮಾಡದಂತೆ ಅದರ ಬಾಯಿ ಮುಚ್ಚಿಸುವಳು, ಕೆಲವನ್ನು ಹಾಗೇ ಬಿಡುವಳು. ಎರಡು ದಿನ ಕಳೆದ ಮೇಲೆ ಟಿಕ್ಕಮ್ಮ ಅವನ್ನು ಉಪ್ಪುನೀರಿನಲ್ಲಿ ಮೂರು ಸಲ ತೊಳೆದು, ಬಣ್ಣ ಹಾಕಿ, ನೂರು ಕೋಶಕ್ಕೆ ಎಷ್ಟು ವಿಭಜನೆಯಲ್ಲಿವೆ ಎಂದು ಎಣಿಸುವಳು. ಯಾವ ತಟ್ಟೆ ಯಾವ ಗುಂಪಿನದು ಎಂದು ಅವಳಿಗೆ ಹೇಳುತ್ತಿರಲಿಲ್ಲ. ಚೀಟಿಯ ಮೇಲೆ ಬರೀ ನಂಬರು.

ಮೂರು ಸಲ ತೊಳೆಯುವುದು ಮೇಷ್ಟ್ರ ಶಾಸನ. ಚಿತ್ರದಲ್ಲಿ ಒಂದು ಚುಕ್ಕಿ ಕಸ ಕಂಡರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಟಿಕ್ಕಮ್ಮ ತೊಳೆದ ತಟ್ಟೆಯಲ್ಲಿ ಕಸ ಇರುತ್ತಿರಲಿಲ್ಲ. ಹೊಸದಾಗಿ ಬಂದವರನ್ನು ಅವಳ ಮೇಜಿನ ಹತ್ತಿರ ಕರೆತಂದು, “ನೋಡ್ಕೊಳ್ಳಿ, ತೊಳೆಯೋದು ಅಂದ್ರೆ ಇದು. ನಿಮ್ಮ ಡಿಗ್ರಿ ಎಲ್ಲ ತಗೊಂಡು ಹೋಗಿ ಇಲ್ಲಿ ಅಡ ಇಡಿ,” ಎನ್ನುತ್ತಿದ್ದರು.

ಹದಿನಾಲ್ಕು ತಿಂಗಳು ಎಣಿಸಿದಳು. ಇನ್ನೂರ ಹದಿನಾರು ತಟ್ಟೆ. ನಂಬರು ಬಿಡಿಸಿ ನೋಡಿದಾಗ ಲೆಕ್ಕ ಸೊಗಸಾಗಿ ಕೂತಿತು. ಹಾಗೇ ಬಿಟ್ಟ ತಟ್ಟೆಗಳಲ್ಲಿ ನೂರಕ್ಕೆ ನಾಲ್ಕು ಕೋಶ ವಿಭಜನೆಯಲ್ಲಿದ್ದವು; ಗಂಟು ಇಲ್ಲದ ತಟ್ಟೆಗಳಲ್ಲಿ ನೂರಕ್ಕೆ ಒಂದು, ಅದೂ ಕಷ್ಟಪಟ್ಟು ಹುಡುಕಿದರೆ. ಮೇಷ್ಟ್ರು ತೀರ್ಪು ಕೊಟ್ಟರು: ಗಂಟು ಇಲ್ಲದ ಕೋಶ ವಿಭಜನೆಗೆ ಇಳಿಯುವುದೇ ಇಲ್ಲ, ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಹಾಗೆ ಹಿಂದೆ ಯಾರೂ ಹೇಳಿರಲಿಲ್ಲ. ಲೇಖನ ಬರೆದು ಒಂದು ದೊಡ್ಡ ಪತ್ರಿಕೆಗೆ ಕಳಿಸಿದರು. ಬರೆದವರ ಸಾಲಿನಲ್ಲಿ ಕಟ್ಟಕಡೆಗೆ, ಐದನೆಯದಾಗಿ, ಟಿಕ್ಕಮ್ಮನ ಹಾಜರಿ ಪುಸ್ತಕದ ಹೆಸರು.

ಅದನ್ನು ಅವಳು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ಅಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದವನು. ದನಿ ತಗ್ಗಿಸಿ ಮಾತಾಡಿ ಗೊತ್ತಿಲ್ಲ. ಒಂದು ವಾರದಲ್ಲಿ ಕ್ಷೌರದಂಗಡಿಯವನಿಗೆ, ಔಷಧಿ ಅಂಗಡಿಯವನಿಗೆ, ಕೆಳಮನೆಯ ನರ್ಸಮ್ಮನಿಗೆ, ಪೈಪು ರಿಪೇರಿಗೆ ಬಂದವನಿಗೂ ಮಗಳ ಹೆಸರು ಅಚ್ಚಾಗುವ ಸುದ್ದಿ ಮುಟ್ಟಿತ್ತು.

“ಏನು ಕಂಡುಹಿಡಿದ್ಳಂತೆ?” ಎಂದು ಕೇಳಿದವರಿಗೆ, “ನಿಂಗೆ ಹೇಳಿದ್ರೆ ಅರ್ಥ ಆಗುತ್ತೇನೋ?” ಎನ್ನುವನು. ಅವನಿಗೂ ಆಗಿರಲಿಲ್ಲ.

ಪತ್ರಿಕೆಯಿಂದ ಉತ್ತರ ಬಂತು. ಒಪ್ಪಿದ್ದೇವೆ, ಆದರೆ ಇನ್ನೂ ಒಂದು ಸುತ್ತು ಆರು ತಟ್ಟೆ ಎಣಿಸಿ ಸೇರಿಸಿ, ಎಣಿಸಿದವರು ಲ್ಯಾಬಿನ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಸಹಿ ಹಾಕಿ ನಕಲು ಕಳಿಸಲಿ. ಅದೇ ತಿಂಗಳು ಟಿಕ್ಕಮ್ಮನ ಒಂದು ವರ್ಷದ ಕರಾರೂ ಮುಗಿಯುತ್ತಿತ್ತು. ಪ್ರತಿ ವರ್ಷ ಮೇಷ್ಟ್ರು ಎರಡು ಸಾಲು ಬರೆದುಕೊಟ್ಟರೆ ಅದು ಮುಂದುವರಿಯುತ್ತಿತ್ತು. “ಇದೊಂದು ಮುಗಿಸು, ಎರಡೂ ಒಟ್ಟಿಗೆ ಮಾಡೋಣ,” ಎಂದರು.

ಆ ಆರು ತಟ್ಟೆ ತೊಳೆಯಬೇಕಾದ ದಿನ, ಸಾಮಾನು ಬೇಯಿಸುವ ಯಂತ್ರದ ಬಾಗಿಲು ತೆರೆಯುವಾಗ ಹಬೆ ಬಡಿದು ಟಿಕ್ಕಮ್ಮನ ಬಲಗೈ ಬೆಂದಿತು. ಬೊಬ್ಬೆ ಎದ್ದ ಅಂಗೈಗೆ ಪಟ್ಟಿ ಸುತ್ತಿಕೊಂಡು ಬಂದಳು. ಎಣಿಸಲು ಎಡಗೈ ಸಾಕು, ತೊಳೆಯಲು ಸಾಲದು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ತಟ್ಟೆಗಳನ್ನು ಬೇರೆಯವರು ತೊಳೆದರು. ಮರಿಡಾಕ್ಟ್ರು.

ಮರುದಿನ ಎಣಿಸಲು ಕೂತ ಟಿಕ್ಕಮ್ಮ ಮೂರನೇ ತಟ್ಟೆಯಲ್ಲಿ ಕೌಂಟರು ಒತ್ತುವುದನ್ನು ನಿಲ್ಲಿಸಿದಳು.

“ಲೇ, ಬಾ ಇಲ್ಲಿ. ಇದನ್ನ ಎಷ್ಟು ಸಲ ತೊಳ್ದೆ?”

“ಯಾಕಕ್ಕ, ಕೊಳೆ ಕಾಣ್ತಿದೆಯಾ?”

“ಎಷ್ಟು ಸಲ ಅಂದೆ.”

“ಒಂದೇ ಸಲ. ಅದೂ ಸುಮ್ನೆ ಹೀಗೆ ಮೇಲಿಂದ. ನನ್ನ ಬಸ್ ಹೋಗಿಬಿಡ್ತಿತ್ತು ಅಕ್ಕ. ಮೇಷ್ಟ್ರಿಗೆ ಹೇಳ್ಬೇಡಿ, ಪ್ಲೀಸ್.”

ಆ ತಟ್ಟೆಯಲ್ಲಿ ನೂರಕ್ಕೆ ಹದಿಮೂರು ಕೋಶ ವಿಭಜನೆಯಲ್ಲಿದ್ದವು. ನಂಬರು ಬಿಡಿಸಿದರೆ ಅದು ಗಂಟು ಇಲ್ಲದ ತಟ್ಟೆ. ಅಂಥ ಉಳಿದೆರಡರಲ್ಲೂ ಅಷ್ಟೇ: ಹನ್ನೆರಡು, ಹದಿನಾಲ್ಕು. ಎಲ್ಲ ಒಂದೇ ಹಂತದಲ್ಲಿ ಸಿಕ್ಕಿಹಾಕಿಕೊಂಡಿದ್ದವು. ವರ್ಣತಂತುಗಳು ಸಾಲಿಗೆ ಬಂದು, ಸಾಲು ಸರಿಯಾಗದೆ, ಮುಂದೆ ಹೋಗಲಾರದೆ ನಿಂತಿದ್ದವು.

“ಗಲೀಜು ತಟ್ಟೆ ಅಕ್ಕ, ಎಸೆದುಬಿಡಿ. ಇವತ್ತೇ ಹೊಸದು ಹಾಕ್ತೀನಿ,” ಎಂದಳು ಮರಿಡಾಕ್ಟ್ರು.

ಟಿಕ್ಕಮ್ಮ ಎಸೆಯಲಿಲ್ಲ. ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲೇ ಕೂತಳು. ತಟ್ಟೆಯ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುವ ಕೋಶ, ವಿಭಜನೆಯಾಗುವಾಗ ಮಾತ್ರ ಕೈಕಾಲು ಮಡಚಿ ಗೋಲಿಯಂತೆ ದುಂಡಗಾಗುತ್ತದೆ. ಆಗ ಅದರ ಹಿಡಿತ ಅಷ್ಟಕ್ಕಷ್ಟೆ, ತೊಳೆದರೆ ಕಿತ್ತುಹೋಗುತ್ತದೆ. ಸಾಧಾರಣ ಕೋಶ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಕೆಲಸ ಮುಗಿಸಿ ಮತ್ತೆ ಅಂಟಿಕೊಳ್ಳುತ್ತದೆ. ಅರ್ಧದಲ್ಲಿ ಸಿಕ್ಕಿಕೊಂಡದ್ದು ಹತ್ತು ಗಂಟೆ ಹಾಗೇ ದುಂಡಗೆ ಕೂತಿರುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಲ್ಯಾಬಿನ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ, ಹದಿನಾಲ್ಕು ತಿಂಗಳು, ಚೊಕ್ಕ ಕೈ ಎಂದು ಹೊಗಳಿಸಿಕೊಂಡು, ಎಣಿಸಬೇಕಾದದ್ದನ್ನೆಲ್ಲ ಮೂರು ಸಲ ತೊಳೆದು ಮೋರಿಗೆ ಬಿಟ್ಟು, ಉಳಿದದ್ದನ್ನು ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎಣಿಸಿದ್ದಳು.

ಸಂಜೆ ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತು ಕಾಲುಗುರು ಕತ್ತರಿಸಿಕೊಳ್ಳುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಹೇಳುವುದಕ್ಕೆ ಬೇರೆ ಯಾರೂ ಇರಲಿಲ್ಲ.

“ಅಂದ್ರೆ, ಬಾಗಿಲಲ್ಲಿ ನೇತಾಡ್ತಿರೋರು,” ಎಂದ ಅಪ್ಪ.

“ಏನು?”

“ಬಸ್ಸಲ್ಲಿ. ಸೀಟಲ್ಲಿ ಕೂತೋನು ಎಲ್ಲಿ ಹೋಗ್ತಾನೆ? ಡ್ರೈವರು ಬ್ರೇಕ್ ಹಾಕಿದ್ರೆ ಬೀಳೋನು ಬಾಗಿಲಲ್ಲಿರೋನು. ನಮ್ಮ ಚೆಕಿಂಗ್ ಇನ್‌ಸ್ಪೆಕ್ಟರ್ ಒಬ್ಬ ಇದ್ದ, ಕೋಳಿಕತ್ತು ಅಂತಿದ್ವಿ. ಕೊನೇ ಸ್ಟಾಪಲ್ಲಿ ಹತ್ತಿ ತಲೆ ಎಣಿಸೋನು. ‘ಏಳೇ ಜನ, ಈ ರೂಟ್‌ಗೆ ಜನಾನೇ ಇಲ್ಲ’ ಅಂತ ಬರ್ದ. ನಾಲ್ಕು ಸ್ಟಾಪ್ ಹಿಂದೆ ನಾನು ಉಸಿರಾಡೋಕೆ ಕಿಟಕಿ ಹುಡುಕ್ತಿದ್ದೆ.”

“ಆಮೇಲೆ?”

“ಆಮೇಲೇನು, ಬಸ್ ನಿಲ್ಸಿದ್ರು.”

“ನೀನೇನೂ ಹೇಳ್ಲಿಲ್ವಾ?”

ಅಪ್ಪ ಹೆಬ್ಬೆರಳಿನ ಉಗುರನ್ನು ತುಂಬ ಹೊತ್ತು ಕತ್ತರಿಸಿದ. “ಆಗ ನೀನು ಆರನೇ ಕ್ಲಾಸು,” ಎಂದ. ಕತ್ತರಿಸಿದ ಉಗುರನ್ನು ಒಟ್ಟು ಮಾಡುತ್ತಾ, “ನೀನು ಬಾಯಿ ಬಿಟ್ರೆ ಏನಾಗುತ್ತೆ?”

“ಕೆಲ್ಸ ಹೋಗುತ್ತೆ.”

“ಬಿಡದಿದ್ರೆ?”

“ಹೆಸರು ಬರುತ್ತೆ.”

“ನಾನು ಆಗ್ಲೇ ಅರ್ಧ ಊರಿಗೆ ಹೇಳಿಬಿಟ್ಟಿದೀನಲ್ಲೇ,” ಎಂದ ಅಪ್ಪ.

“ಯಾರು ಹೇಳು ಅಂದ್ರು ನಿಂಗೆ?”

ಬೊಬ್ಬೆ ಒಣಗಿ ಕೈ ಆಡುವಂತಾದ ಕೂಡಲೇ ಅವಳು ಆಗಬೇಕಾದದ್ದನ್ನು ಮಾಡಿ ಮುಗಿಸಿದಳು. ಮರಿಡಾಕ್ಟ್ರಿಂದ ಹೊಸದಾಗಿ ಆರು ತಟ್ಟೆ ಹಾಕಿಸಿಕೊಂಡಳು. ಎಂದಿನಂತೆ, ಶಾಸನದ ಪ್ರಕಾರ, ಮೂರು ಸಲ ತೊಳೆದಳು. ಆದರೆ ತೊಳೆದ ನೀರನ್ನು ಮೋರಿಗೆ ಬಿಡದೆ ಒಂದೊಂದು ತಟ್ಟೆಯದನ್ನೂ ಬೇರೆ ಬೇರೆ ಕೊಳವೆಯಲ್ಲಿ ಹಿಡಿದಿಟ್ಟುಕೊಂಡಳು. ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳಕ್ಕೆ ಕೂತದ್ದಕ್ಕೆ ಬಣ್ಣ ಹಾಕಿ ನೋಡಿದಳು. ಆ ತೇಲುವ ಕೋಶಗಳನ್ನು ಲ್ಯಾಬಿನವರೆಲ್ಲ ಸತ್ತ ಕಸ ಎನ್ನುತ್ತಿದ್ದರು. ಗಂಟು ಇಲ್ಲದ ತಟ್ಟೆಗಳ ನೀರಿನಲ್ಲಿ ಐನೂರು ಕೋಶ ಎಣಿಸಿದಳು. ಮುನ್ನೂರ ಎಂಬತ್ತೆಂಟು ಸತ್ತಿರಲಿಲ್ಲ. ವಿಭಜನೆಯ ನಟ್ಟನಡುವೆ ನಿಂತಿದ್ದವು.

ಬುಧವಾರ ಬೆಳಗ್ಗೆ ಲ್ಯಾಬಿನ ವಾರದ ಸಭೆ. ಪರದೆಯ ಮೇಲೆ ಮೇಷ್ಟ್ರು ಲೇಖನದ ಕೊನೆಯ ಚಿತ್ರ ಹಾಕಿಸಿದ್ದರು. ಎಲ್ಲರೂ ಚಹಾ ಹಿಡಿದುಕೊಂಡಿದ್ದರು. ಟಿಕ್ಕಮ್ಮ ಸಾಮಾನ್ಯವಾಗಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂರುವವಳು. ಅವತ್ತು ಎದ್ದು ನಿಂತು, ಎರಡೂ ಸುತ್ತಿನ ಎಣಿಕೆ ಬರೆದ ಹಾಳೆಯನ್ನು ಮೇಷ್ಟ್ರ ಮುಂದಿಟ್ಟಳು.

“ಗಂಟು ಇಲ್ದಿದ್ರೆ ಕೋಶ ನಿಲ್ಲೋದು ಹೊಸ್ತಿಲಲ್ಲಲ್ಲ ಸಾರ್. ಒಳಗೆ ಹೋಗಿ ಸಿಕ್ಕಾಕೊಳ್ತಾವೆ. ನಾವು ತೊಳ್ದು ಚೆಲ್ಲಿಬಿಟ್ಟಿದೀವಿ.”

ಮೇಷ್ಟ್ರು ಹಾಳೆ ಓದಿದರು. ಎರಡನೇ ಸಲ ಓದಿದರು. ಅವರು ದಡ್ಡರಲ್ಲ, ಓದಿದ್ದು ಅರ್ಥವಾಯಿತು ಎಂಬುದು ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು.

“ಆಸಕ್ತಿ ಇರೋ ವಿಷ್ಯ. ಮುಂದಿನ ಲೇಖನಕ್ಕೆ ಇಟ್ಕೊಳ್ಳೋಣ,” ಎಂದರು. “ಈಗ ಇದನ್ನ ಕಳಿಸೋಣ.”

“ಇದು ತಪ್ಪಲ್ವಾ ಸಾರ್?”

“ನಮ್ಮ ಹತ್ರ ಇರೋ ಲೆಕ್ಕದ ಪ್ರಕಾರ ಸರಿ.”

“ಆ ಲೆಕ್ಕ ನಂದು. ನಾನೇ ತಪ್ಪು ಅಂತಿದೀನಿ.”

“ನೀನು ಅನ್ನೋದಕ್ಕೂ, ಅದು ಆಗೋದಕ್ಕೂ ವ್ಯತ್ಯಾಸ ಇದೆಯಮ್ಮ. ಇಲ್ಲಿ ಎಂಟು ಜನ ಓದಿದೋರಿದಾರೆ. ಯಾರಿಗೂ ಕಾಣದ್ದು ನಿಂಗೆ ಕಂಡ್ತಾ?”

“ಯಾರೂ ನೋಡ್ಲಿಲ್ಲ ಸಾರ್. ನೋಡೋಕೆ ನನ್ನ ಕೂರ್ಸಿದ್ರಿ.”

ಯಾರೋ ನಕ್ಕು, ನಗುವನ್ನು ಕೆಮ್ಮಾಗಿ ಬದಲಾಯಿಸಿಕೊಂಡರು. ಮೇಷ್ಟ್ರು ಲೋಟ ಕೆಳಗಿಟ್ಟರು.

“ತೊಳೆದೋಳು ಯಾರು?”

“ನಾನೇ.”

“ಹಾಗಾದ್ರೆ ತಪ್ಪು ಯಾರದ್ದು ಅಂತಾಗುತ್ತೆ? ಯೋಚ್ನೆ ಮಾಡಿದೀಯಾ? ನಾಳೆ ಯಾರು ಕೇಳಿದ್ರೂ ನಾನು ನಿನ್ನ ಕಡೆ ಬೆರಳು ತೋರಿಸ್ಬೇಕಾಗುತ್ತೆ.”

“ತೋರ್ಸಿ. ಮೂರು ಸಲ ತೊಳಿ ಅಂದಿದ್ದು ಯಾರು ಅಂತ ಕೇಳಿದ್ರೆ ನಾನೂ ತೋರಿಸ್ತೀನಿ.”

ಈ ಸಲ ಯಾರೂ ಕೆಮ್ಮಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ದನಿ ಮೆತ್ತಗಾಯಿತು. “ಶುಕ್ರವಾರದೊಳಗೆ ಪುಟಗಳಿಗೆ ಸಹಿ ಹಾಕಿಬಿಡು. ನಿನ್ನ ಕರಾರಿನ ಕಾಗದಾನೂ ಅವತ್ತೇ ಕೊಟ್ಟುಬಿಡ್ತೀನಿ. ಹನ್ನೊಂದು ವರ್ಷ ಆಯ್ತಲ್ಲ, ಇನ್ನು ಕಾಯಂ ಮಾಡಿ ಅಂತ ಬರೀಬೇಕು ಅಂದ್ಕೊಂಡಿದ್ದೆ.”

ಅಂದುಕೊಂಡಿದ್ದುದು ಸುಳ್ಳೇನಲ್ಲ ಎಂದು ಟಿಕ್ಕಮ್ಮನಿಗೆ ಗೊತ್ತಿತ್ತು. ಅದೇ ಅವಳನ್ನು ಉರಿಸಿದ್ದು.

ಸಭೆ ಮುಗಿದ ಮೇಲೆ ಮರಿಡಾಕ್ಟ್ರು ಅವಳನ್ನು ರಾಸಾಯನಿಕ ಇಡುವ ತಣ್ಣನೆಯ ಕೋಣೆಯ ಮುಂದೆ ಅಡ್ಡಗಟ್ಟಿದಳು. ಮುಖ ಬಾತಿತ್ತು.

“ಅಕ್ಕ, ಈ ಲೇಖನ ಬರದಿದ್ರೆ ನನಗೆ ಡಿಗ್ರಿ ಕೊಡಲ್ಲ. ನಾಲ್ಕು ವರ್ಷ ಆಯ್ತು. ನಿಮಗೇನು, ಎಣಿಸಿ ಐದು ಗಂಟೆಗೆ ಮನೆಗೆ ಹೋಗ್ತೀರಿ.”

“ಹೌದು, ಹೋಗ್ತೀನಿ.”

“ಒಂದು ಸಹಿ ಅಷ್ಟೇ. ಎರಡು ವರ್ಷ ಬಿಟ್ಟು ಬೇರೆ ಯಾರೋ ತಿದ್ತಾರೆ. ಎಲ್ಲ ಕಡೆ ಹಾಗೇ ನಡ್ಯೋದು.”

“ನಡೀಲಿ. ಆ ಬೇರೆ ಯಾರೋ ತಿದ್ದುವಾಗ ಕೆಳಗೆ ನೋಡ್ತಾರೆ, ಎಣಿಸಿದೋರು ಯಾರು ಅಂತ. ನನ್ನ ಹೆಸರು ಜನ್ಮದಲ್ಲಿ ಒಂದೇ ಸಲ ಅಚ್ಚಾಗೋದು ಕಣೇ. ಅದೂ ಇದಕ್ಕಾ?”

“ನೀವು ತುಂಬ ದೊಡ್ಡೋರು ಬಿಡಿ,” ಎಂದು ಮರಿಡಾಕ್ಟ್ರು ಬಾಗಿಲು ಧಡಾರನೆ ಹಾಕಿಕೊಂಡು ಹೋದಳು.

ಶುಕ್ರವಾರ ಬೆಳಗ್ಗೆ ಬಂದವಳೇ ಟಿಕ್ಕಮ್ಮ ನೋಟ್‌ಬುಕ್ಕು ತೆಗೆದುಕೊಂಡು, ತನ್ನ ಮೂಲೆಗೆ ಹೋಗದೆ, ಲ್ಯಾಬಿನ ನಡುವಿನ ದೊಡ್ಡ ಮೇಜಿಗೆ ಬಂದು ಕೂತಳು. ಲ್ಯಾಬಿನ ನೋಟ್‌ಬುಕ್ಕಿಗೆ ಅದರದೇ ಕಾನೂನು ಇರುತ್ತದೆ. ರಟ್ಟಿನ ಒಳಗಡೆ ಅಂಟಿಸಿರುತ್ತಾರೆ. ಪೆನ್ನಿನಲ್ಲೇ ಬರೆಯಬೇಕು. ಪುಟ ಹರಿಯಬಾರದು, ಪ್ರತಿ ಪುಟಕ್ಕೂ ಅಚ್ಚಾದ ನಂಬರು ಇರುತ್ತದೆ. ತಪ್ಪಾದರೆ ಉಜ್ಜುವ ಹಾಗಿಲ್ಲ, ಬಿಳಿ ಬಳಿಯುವ ಹಾಗಿಲ್ಲ. ಕೆಳಗಿನದು ಓದಲು ಬರುವಂತೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ತಾರೀಕು ಹಾಕಿ ಸಹಿ ಮಾಡಬೇಕು. ಹಾಗೆ ಹೊಡೆದು ಹಾಕಿದ ಅಂಕಿಯನ್ನು ಮತ್ತೆ ಯಾರೂ ಎಲ್ಲಿಯೂ ಬಳಸುವಂತಿಲ್ಲ.

ಮೂವತ್ತಾರು ಪುಟ. ಪುಟಕ್ಕೆ ಆರು ತಟ್ಟೆ. ಅವಳು ಅಡಿಪಟ್ಟಿ ಇಟ್ಟು ಮೊದಲ ಪುಟದ ಮೊದಲ ಸಾಲಿನ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: “ತೊಳೆಯುವಾಗ ವಿಭಜನೆಯಲ್ಲಿದ್ದ ಕೋಶಗಳು ಕಳೆದುಹೋಗಿವೆ. ಎಣಿಕೆ ತಪ್ಪು. ತೊಳೆದವಳು, ಎಣಿಸಿದವಳು ನಾನೇ.” ತಾರೀಕು. ಸಹಿ. ಎರಡನೇ ಸಾಲು. ಬೆಂದ ಅಂಗೈಯ ಹೊಸ ಚರ್ಮ ಪೆನ್ನಿಗೆ ಉಜ್ಜಿ ಉರಿಯುತ್ತಿತ್ತು. ಹನ್ನೊಂದನೇ ಪುಟ ನಡೆಯುತ್ತಿರುವಾಗ ಮೇಷ್ಟ್ರು ಒಳಗೆ ಬಂದರು. ಸಹಿ ಹಾಕುತ್ತಿದ್ದಾಳೆ ಎಂದು ದೂರದಿಂದ ಕಂಡಿರಬೇಕು, ನಗುತ್ತಲೇ ಬಂದರು. ಹತ್ತಿರ ಬಂದು ಬಗ್ಗಿ ಓದಿದರು.

“ನಿಲ್ಸು.”

ಅವಳು ನಿಲ್ಲಿಸಲಿಲ್ಲ.

“ನಿಲ್ಸು ಅಂದೆ. ಆ ಪುಸ್ತಕ ಲ್ಯಾಬಿಂದು. ನಿನ್ನಪ್ಪನ ಆಸ್ತಿ ಅಲ್ಲ.”

“ಲ್ಯಾಬಿಂದೇ ಸಾರ್. ಕಾನೂನೂ ಲ್ಯಾಬಿಂದೇ. ಒಳಗಡೆ ಅಂಟಿಸಿದೀರಿ, ನಿಮ್ಮದೇ ಸಹಿ ಇದೆ ಕೆಳಗೆ.” ಗೆರೆ ಎಳೆದಳು. “ಬೇಕಾದ್ರೆ ಕಿತ್ಕೊಳ್ಳಿ. ಆದ್ರೆ ಹರಿಯೋ ಹಾಗಿಲ್ಲ, ಪುಟಕ್ಕೆ ನಂಬರಿದೆ.”

ಮೇಷ್ಟ್ರ ಕೈ ಪುಸ್ತಕದವರೆಗೆ ಬಂತು. ಲ್ಯಾಬಿನಲ್ಲಿ ಆರು ಜನ ಕೆಲಸ ಬಿಟ್ಟು ನೋಡುತ್ತಿದ್ದರು. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು ವಾಪಸು ಹೋಗಿ ಜೇಬು ಸೇರಿತು.

“ನಿನ್ನ ಕಾಗದ ನಾನು ಬರೆಯಲ್ಲ,” ಎಂದರು.

“ಗೊತ್ತು ಸಾರ್.”

“ಇನ್ನೆಲ್ಲೂ ಈ ಕೆಲ್ಸ ಸಿಗಲ್ಲ ನಿಂಗೆ. ಡಿಗ್ರಿ ಇಲ್ಲ.”

“ಅದೂ ಗೊತ್ತು. ಸ್ವಲ್ಪ ಬೆಳಕು ಬಿಡಿ ಸಾರ್, ಗೆರೆ ಸೊಟ್ಟ ಆಗುತ್ತೆ.”

ಐದು ಗಂಟೆಗೆ ಮೂವತ್ತಾರೂ ಪುಟ ಮುಗಿದವು. ಅವಳು ಮನೆಗೆ ಹೋದಳು.

ಲೇಖನ ಹೋಗಲಿಲ್ಲ. ಮೇಷ್ಟ್ರು ಪತ್ರಿಕೆಗೆ ಎರಡು ಸಾಲು ಬರೆದು ಹಿಂತೆಗೆದುಕೊಂಡರು. ‘ತಾಂತ್ರಿಕ ಕಾರಣ’ ಎಂದು ಬರೆದರಂತೆ. ಉಳಿದ ಹನ್ನೆರಡು ದಿನ ಟಿಕ್ಕಮ್ಮನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಯಾರ ಕೋಶವೂ ಎಣಿಕೆಗೆ ಬರಲಿಲ್ಲ. ಅವಳು ಬಂದು ಕೂತು, ಮೈಕ್ರೋಸ್ಕೋಪಿನ ಕಣ್ಣು ಒರೆಸಿ, ಹೊತ್ತಿಗೆ ಸರಿಯಾಗಿ ಎದ್ದು ಹೋಗುತ್ತಿದ್ದಳು. ಅಪ್ಪ ಕ್ಷೌರದಂಗಡಿಯನ್ನೇ ಬದಲಾಯಿಸಿದ.

ಕೊನೆಯ ದಿನ ಮರಿಡಾಕ್ಟ್ರು ಅವಳ ಮೇಜಿನ ಹತ್ತಿರ ಬಂದು, ಮುಖ ನೋಡದೆ ಕೇಳಿದಳು: “ಆ ನೀರನ್ನ ಎಷ್ಟು ಹೊತ್ತು ತಿರುಗಿಸಿದ್ರಿ?”

“ಐದು ನಿಮಿಷ. ಮೆಲ್ಲಗೆ. ಜೋರು ಮಾಡಿದ್ರೆ ಒಡೆದು ಹೋಗ್ತಾವೆ.”

“ಕೊಳವೆ ಯಾವ್ದು, ಚೂಪು ತಳದ್ದಾ?”

“ಹೂಂ. ದುಂಡು ತಳದ್ದು ತಗೋಬೇಡ, ಅರ್ಧ ಅಂಟ್ಕೊಂಡು ಹೋಗುತ್ತೆ.”

ಮರಿಡಾಕ್ಟ್ರು ಬರೆದುಕೊಂಡಳು. ಥ್ಯಾಂಕ್ಸ್ ಹೇಳಲಿಲ್ಲ. ಟಿಕ್ಕಮ್ಮನೂ ಕಾಯಲಿಲ್ಲ.

ಬಿಡುಗಡೆಯ ಕಾಗದ ತೆಗೆದುಕೊಳ್ಳಲು ಆಫೀಸಿಗೆ ಹೋದಾಗ ಗುಮಾಸ್ತ ಒಂದು ಫಾರಂ ಮುಂದೆ ತಳ್ಳಿದ. ಹೆಸರು, ವಿಭಾಗ, ಸೇವೆಯ ಅವಧಿ. ಕೆಳಗೆ ಒಂದು ದೊಡ್ಡ ಚೌಕ: ಸೇವಾವಧಿಯಲ್ಲಿ ಒಡೆದ ಅಥವಾ ಕಳೆದುಹೋದ ವಸ್ತುಗಳ ವಿವರ.

“ಅಲ್ಲಿ ‘ಇಲ್ಲ’ ಅಂತ ಬರ್ದುಬಿಡಿ, ಎಲ್ರೂ ಹಾಗೇ ಬರೆಯೋದು,” ಎಂದ ಗುಮಾಸ್ತ.

ಅವಳು ನಿಂತಲ್ಲೇ ಬರೆದಳು. ಅವನು ಫಾರಮನ್ನು ತನ್ನ ಕಡೆ ತಿರುಗಿಸಿಕೊಂಡು ಓದಿ, ತಲೆ ಎತ್ತಿ ಅವಳನ್ನು ನೋಡಿ, ಮತ್ತೆ ಓದಿದ.

“ಇದನ್ನೆಲ್ಲ ಇಲ್ಲಿ ಬರೆಯೋ ಹಾಗಿಲ್ಲಮ್ಮ.”

“ಕೇಳಿದೀರಲ್ಲ. ಸೀಲು ಹಾಕಿ.”

ಹಿಂದೆ ಸಾಲಿನಲ್ಲಿ ಜನ ಇದ್ದರು. ಗುಮಾಸ್ತ ಸೀಲು ಹಾಕಿದ. ಚೌಕದಲ್ಲಿ ಇದ್ದದ್ದು ಇಷ್ಟು: ಗಾಜಿನ ಬೀಕರು ಎರಡು, ಕೋಶದ ತಟ್ಟೆ ಇನ್ನೂರ ಹದಿನಾರು, ಅಚ್ಚಾಗದ ಲೇಖನ ಒಂದು, ಒಬ್ಬ ವಿದ್ಯಾರ್ಥಿನಿಯ ಹದಿನಾಲ್ಕು ತಿಂಗಳು, ನನ್ನ ಹದಿನಾಲ್ಕು ತಿಂಗಳು, ನನ್ನ ಕೆಲಸ.